ಹದ ತಪ್ಪಿದ ಪದ

ನಮ್ಮ ಬೀದಿಯ ತಿರುವಿನಲ್ಲಿ ದೋಸೆಹಿಟ್ಟು ರುಬ್ಬಿ ಮಾರುವ ಹೆಣ್ಣುಮಗಳೊಬ್ಬರಿದ್ದಾರೆ. ಅವರ ಹೆಸರು ಎಲ್ಲರಿಗೂ ಗೊತ್ತು, ಆದರೆ ಬೀದಿಯವರೆಲ್ಲ ಕರೆಯುವುದು ಹಿಟ್ಟಿನಕ್ಕ ಎಂದೇ. ಕಳೆದ ಡಿಸೆಂಬರಿನ ಒಂದು ಸಂಜೆ ಸ್ಟೀಲ್ ಡಬ್ಬಿ ಹಿಡಿದು ಹೋಗಿದ್ದೆ. ಡಬ್ಬಿಗೆ ಸೌಟು ಹಾಕುವ ಮೊದಲು ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಒಳಗಿನಿಂದ ಹಸಿರು ಬಣ್ಣದ ಕಾರ್ಡೊಂದನ್ನು ತಂದರು. ಏಳನೇ ಕ್ಲಾಸಿನಲ್ಲಿ ಓದುವ ಮಗನ ಮಾರ್ಕ್ಸ್ ಕಾರ್ಡು. ಗಣಿತದ ಸಾಲಿನಲ್ಲಿ ನಾಲ್ಕು ಕಿರುಪರೀಕ್ಷೆಗಳ ಅಂಕಗಳಿದ್ದವು. ಇಪ್ಪತ್ತೈದಕ್ಕೆ 23, 9, 22, 8. ಎದುರಿಗೆ ಕೆಂಪು ಶಾಯಿಯಲ್ಲಿ ಒಂದೇ ಒಂದು ಪದ: ‘ಇನ್‌ಕನ್ಸಿಸ್ಟೆಂಟ್’.

‘ಸಾರ್, ನೀವು ಪೇಪರಲ್ಲಿ ಪದಗಳ ಬಗ್ಗೆ ಬರೀತೀರಂತಲ್ಲ. ಇದು ದಡ್ಡ ಅಂತಲಾ?’

ಅಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮಗ ಮೊಬೈಲಿನಲ್ಲಿ ಹಾಕಿ ನೋಡಿದನಂತೆ, ಅದು ‘ಅಸಮಂಜಸ’ ಎಂದು ತೋರಿಸಿತಂತೆ. ‘ಅಸಮಂಜಸ ಅಂದ್ರೆ ಏನೋ ಮಾಡಬಾರದ್ದು ಮಾಡಿದ್ದಾನೆ ಅಂತ ತಾನೆ ಸಾರ್? ಮೇಷ್ಟ್ರನ್ನ ಕೇಳೋಕೆ ನನಗೇ ನಾಚಿಕೆ.’ ಒಳಗೆ ಗ್ರೈಂಡರ್ ಸದ್ದಿನ ಹಿಂದೆ ಹುಡುಗ ತಲೆ ತಗ್ಗಿಸಿಕೊಂಡು ಉದ್ದಿನಬೇಳೆ ತೊಳೆಯುತ್ತಿದ್ದ.

ಮೊಬೈಲನ್ನು ಪೂರ್ತಿ ಬಯ್ಯುವಂತೆಯೂ ಇಲ್ಲ. ನಿಘಂಟುಗಳಲ್ಲಿಯೂ ಈ ಅರ್ಥ ಸಿಗುತ್ತದೆ. ಆದರೆ ಕನ್ನಡದಲ್ಲಿ ಅಸಮಂಜಸ ಎಂದರೆ ಯುಕ್ತವಲ್ಲದ್ದು, ಸಲ್ಲದ್ದು. ಪುರಾಣದಲ್ಲಿ ಅದೇ ಹೆಸರಿನವನೊಬ್ಬನಿದ್ದಾನೆ, ಸಗರ ಚಕ್ರವರ್ತಿಯ ಮಗ ಅಸಮಂಜ. ಊರಿನ ಮಕ್ಕಳನ್ನು ಹಿಡಿದು ಸರಯೂ ನದಿಗೆ ಎಸೆದು, ಅವು ಮುಳುಗುವುದನ್ನು ನೋಡಿ ನಗುತ್ತಿದ್ದವನು. ತಂದೆ ಕೊನೆಗೆ ರಾಜ್ಯದಿಂದಲೇ ಓಡಿಸಿದ. ಗಣಿತದಲ್ಲಿ ಒಮ್ಮೆ 23, ಒಮ್ಮೆ 9 ತೆಗೆದ ಹುಡುಗನಿಗೆ ಅಷ್ಟು ದೊಡ್ಡ ವಿಶೇಷಣ ಬೇಡ.

ತಿಳಿಸಿ ಹೇಳಲು ಕೈಗೆ ಸಿಕ್ಕ ಉದಾಹರಣೆಯನ್ನೇ ಎತ್ತಿಕೊಂಡೆ. ‘ಈಗ ನೋಡಿ ಅಕ್ಕ, ಒಂದು ದಿನ ಹಿಟ್ಟು ಚೆನ್ನಾಗಿ ಉಬ್ಬಿ ಬರುತ್ತೆ, ಮಾರನೇ ದಿನ ಪಿಟ್ ಅನ್ನಲ್ಲ, ಮತ್ತೊಂದು ದಿನ ಹುಳಿ ಆಗುತ್ತೆ ಅಂತಿಟ್ಟುಕೊಳ್ಳಿ...’ ಮಾತು ಮುಗಿಸಲು ಬಿಡಲಿಲ್ಲ. ‘ನನ್ನ ಹಿಟ್ಟು ಯಾವತ್ತು ಸಾರ್ ಹಂಗಾಗಿದೆ?’ ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಎಂಟು ವರ್ಷದಿಂದ ಅಳತೆ ಬದಲಾಗಿಲ್ಲ ಎಂದು ಲೆಕ್ಕ ಒಪ್ಪಿಸಿದರು. ಆಮೇಲೆ ದನಿ ಇಳಿಸಿ, ‘ಚಳಿಗೆ ಸ್ವಲ್ಪ ಹುದುಗು ಹಿಡಿಯಲ್ಲ. ಅದಕ್ಕೆ ಕಂಬಳಿ ಹೊದಿಸ್ತೀನಿ. ಅದು ಹಿಟ್ಟಿನ ತಪ್ಪಲ್ಲ, ಚಳಿದು’ ಎಂದರು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಪದ ಈ ಇನ್‌ಕನ್ಸಿಸ್ಟೆಂಟ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೇಳುತ್ತಾರೆ, ತರ್ಜುಮೆ ಮಾಡುವವರು ಕೇಳುತ್ತಾರೆ, ಆಫೀಸಿನ ವಾರ್ಷಿಕ ಮೌಲ್ಯಮಾಪನದಲ್ಲಿ ಈ ಪದ ಬರೆಸಿಕೊಂಡು ಬಡ್ತಿ ತಪ್ಪಿಸಿಕೊಂಡವರು ಸಿಟ್ಟಿನಲ್ಲಿ ಕೇಳುತ್ತಾರೆ. ಎಲ್ಲರಿಗೂ ಬೇಕಾದದ್ದು ಒಂದೇ: ಇದಕ್ಕೆ ಸರಿಯಾದ ಒಂದು ಕನ್ನಡ ಪದ ಕೊಡಿ. ನಾನು ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಕಾರಣವೂ ಅದೇ. ಒಂದು ಪದ ಇಲ್ಲ. ಇರಬೇಕಾಗಿಯೂ ಇಲ್ಲ. ಕೊಟ್ಟರೆ ತೊಂದರೆಯೇ ಹೆಚ್ಚು, ಅದನ್ನು ನಾನು ಅನುಭವಿಸಿ ಬಲ್ಲೆ.

ಪದದ ಬೇರಿನಿಂದ ಶುರು ಮಾಡೋಣ. ಲ್ಯಾಟಿನ್ನಿನ ‘ಕಾನ್’ ಎಂದರೆ ಒಟ್ಟಿಗೆ, ‘ಸಿಸ್ಟೆರೆ’ ಎಂದರೆ ನಿಲ್ಲುವುದು, ನಿಲ್ಲಿಸುವುದು. ಎರಡೂ ಕೂಡಿದರೆ ಒಟ್ಟಿಗೆ ನಿಲ್ಲುವುದು, ಗಟ್ಟಿಯಾಗಿ ನಿಲ್ಲುವುದು. ಸಂಸ್ಕೃತದ ‘ಸ್ಥಾ’ ಧಾತುವೂ ಈ ಸಿಸ್ಟೆರೆಯೂ ಒಂದೇ ಬೇರಿನಿಂದ ಬಂದ ದಾಯಾದಿಗಳು. ಸ್ಥಿರ, ಸ್ಥಿತಿ, ಸ್ಥಾನ ಎಲ್ಲವೂ ಅದೇ ಮನೆತನದವು. ‘ಸಂಸ್ಥೆ’ ಎಂಬ ಪದವನ್ನು ಬಿಡಿಸಿ ನೋಡಿದರೆ ಕನ್ಸಿಸ್ಟೆಂಟ್ ಕಟ್ಟಿದ ರೀತಿಯಲ್ಲೇ ಕಟ್ಟಿದ್ದಾರೆ: ಸಂ ಎಂದರೆ ಒಟ್ಟಿಗೆ, ಸ್ಥಾ ಎಂದರೆ ನಿಲ್ಲು. (ನಮ್ಮ ಅನೇಕ ಸಂಸ್ಥೆಗಳು ಎಷ್ಟು ಕನ್ಸಿಸ್ಟೆಂಟ್ ಎಂಬುದು ಬೇರೆ ಮಾತು.) ಇಂಗ್ಲಿಷಿನಲ್ಲಿ ಈ ಪದಕ್ಕೆ ಮೊದಮೊದಲು ಇದ್ದದ್ದು ವಸ್ತುವಿನ ಅರ್ಥ, ದ್ರವ ಎಷ್ಟು ಗಟ್ಟಿ, ಎಷ್ಟು ತೆಳು ಎಂಬುದು. ಅಡುಗೆಯ ವಿಡಿಯೊಗಳಲ್ಲಿ ‘ದೋಸೆಹಿಟ್ಟಿನ ಕನ್ಸಿಸ್ಟೆನ್ಸಿ’ ಎನ್ನುತ್ತಾರಲ್ಲ, ಅದು ಆ ಹಳೆಯ ಅರ್ಥ. ಹಿಟ್ಟಿನಿಂದ ಮಾತಿಗೆ, ಮಾತಿನಿಂದ ಮನುಷ್ಯನಿಗೆ ಪದ ನಿಧಾನಕ್ಕೆ ಹರಿದು ಬಂತು. ಎದುರು ಪದವಾದ ಇನ್‌ಕನ್ಸಿಸ್ಟೆಂಟ್ ಹದಿನೇಳನೇ ಶತಮಾನದಲ್ಲಿ ಬಳಕೆಗೆ ಬಂತು.

ಹಿಟ್ಟಿನ ವಿಷಯಕ್ಕೆ ಕನ್ನಡದಲ್ಲಿ ‘ಹದ’ ಇದೆ. ನನಗೆ ಇದರಷ್ಟು ಮೆಚ್ಚಿನ ಪದ ಇನ್ನೊಂದಿಲ್ಲ. ಹಿಟ್ಟಿಗೂ ಹದ, ಬೆಲ್ಲದ ಪಾಕಕ್ಕೂ ಹದ, ಬಿತ್ತನೆಗೆ ಬಂದ ಹೊಲಕ್ಕೂ ಹದ, ಚರ್ಮಕ್ಕೂ ಹದ. ಹದ ಕೆಟ್ಟರೆ ರಸ್ತೆ ಹದಗೆಡುತ್ತದೆ, ಆರೋಗ್ಯವೂ ಹದಗೆಡುತ್ತದೆ. ಹಾಗೆಂದು ಇನ್‌ಕನ್ಸಿಸ್ಟೆಂಟ್ ಎಂಬಲ್ಲೆಲ್ಲ ‘ಹದಗೆಟ್ಟ’ ಎಂದು ಹಾಕಲು ಬರುವುದಿಲ್ಲ. ಹದ ಎಂದರೆ ಬೇಕಾದಷ್ಟು, ತಕ್ಕಷ್ಟು. ಇವತ್ತಿನ ಈ ಹಿಟ್ಟು ಸರಿಯಾಗಿದೆಯೇ ಎಂದು ಹೇಳುವ ಪದ. ನಿನ್ನೆಯ ಹಾಗೆಯೇ ಇದೆಯೇ ಎಂಬುದು ಅದರ ಚಿಂತೆಯಲ್ಲ. ಇನ್‌ಕನ್ಸಿಸ್ಟೆಂಟ್ ಎನ್ನಬೇಕಾದರೆ ಎರಡು ದಿನದ ಹಿಟ್ಟನ್ನು ಪಕ್ಕಪಕ್ಕ ಇಡಬೇಕು. ಒಂದೇ ಪಾತ್ರೆಯನ್ನು ತೋರಿಸಿ ಇದು ಇನ್‌ಕನ್ಸಿಸ್ಟೆಂಟ್ ಎಂದರೆ, ಯಾವುದರ ಜೊತೆ ಎಂದು ಕೇಳುವ ಹಕ್ಕು ನಮಗಿದೆ.

ಈ ‘ಯಾವುದರ ಜೊತೆ’ ಎಂಬ ಪ್ರಶ್ನೆಯೇ ಪದದ ಬೀಗದ ಕೈ. ಇಂಗ್ಲಿಷಿನಲ್ಲಿ ಈ ವಿಶೇಷಣಕ್ಕೆ ಎರಡು ಬಳಕೆ. ಒಂದರಲ್ಲಿ ಅದರ ಹಿಂದೆಯೇ ‘ವಿತ್’ ಬರುತ್ತದೆ, ಬಾರದಿದ್ದರೂ ಅಡಗಿ ಕುಳಿತಿರುತ್ತದೆ. ಇವನ ಮಾತು ಸಾಕ್ಷ್ಯಕ್ಕೆ ಹೊಂದುವುದಿಲ್ಲ, ಈ ನಿಯಮ ಆ ಕಾಯ್ದೆಗೆ ಹೊಂದುವುದಿಲ್ಲ ಎಂಬ ಅರ್ಥ. ಇನ್ನೊಂದರಲ್ಲಿ ವಿತ್ ಇರುವುದಿಲ್ಲ, ಇದ್ದರೆ ‘ಇನ್’ ಇರುತ್ತದೆ. ಇವನ ಹಾಜರಿ ಒಂದೇ ಸಮನಿಲ್ಲ, ಆ ಹೋಟೆಲಿನ ರುಚಿ ದಿನಕ್ಕೊಂದು ತರಹ ಎಂಬ ಅರ್ಥ. ಇಂಗ್ಲಿಷ್ ಎರಡನ್ನೂ ಒಂದೇ ಚೀಲದಲ್ಲಿ ತುಂಬಿದೆ. ಕನ್ನಡ ಹಾಗೆ ಮಾಡಿಲ್ಲ. ಮೊದಲನೆಯದಕ್ಕೆ ನಮ್ಮಲ್ಲಿ ‘ತಾಳೆ’ ಇದೆ. ಲೆಕ್ಕ ತಾಳೆಯಾಗಲಿಲ್ಲ, ಸಹಿ ತಾಳೆಯಾಗಲಿಲ್ಲ, ಅವತ್ತು ಹೇಳಿದ್ದಕ್ಕೂ ಇವತ್ತು ಹೇಳುವುದಕ್ಕೂ ತಾಳೆಯಾಗುವುದಿಲ್ಲ. ಶ್ಯಾನುಭೋಗರಿಂದ ಹಿಡಿದು ಇವತ್ತಿನ ಬ್ಯಾಂಕ್ ಗುಮಾಸ್ತರವರೆಗೆ ಎಲ್ಲರ ಬಾಯಲ್ಲಿ ಸವೆದು ನುಣುಪಾದ ಪದ. ಎರಡನೆಯದಕ್ಕೆ ‘ಒಂದೇ ಸಮನಿಲ್ಲ’ ಎಂದರೆ ಸಾಕು. ಮಳೆ ಈ ಸಲ ಒಂದೇ ಸಮ ಹಿಡಿಯಲಿಲ್ಲ ಎಂದು ಯಾವ ರೈತನೂ ಹೇಳುತ್ತಾನೆ. ಅದನ್ನು ‘ಅಸಂಗತ ಮಳೆ’ ಎಂದು ಬರೆಯುವವರು ನಾವು, ಪೇಪರಿನವರು.

ಅಸಂಗತ ಎಂದೆನಲ್ಲ, ಅದಕ್ಕೂ ಒಂದು ಕತೆಯಿದೆ. ಕಾನೂನಿನ ಕನ್ನಡದಲ್ಲಿ ಇನ್‌ಕನ್ಸಿಸ್ಟೆಂಟ್‌ಗೆ ಅಸಂಗತ ಎಂಬ ಬಳಕೆ ಇದೆ. ಸಂಗತವಲ್ಲದ್ದು, ಜೊತೆ ಕೂಡದ್ದು ಎಂದು ಬಿಡಿಸಿದರೆ ಅರ್ಥ ಒಳ್ಳೆಯದೇ. ಆದರೆ ಕಳೆದ ಶತಮಾನದ ಅರವತ್ತು ಎಪ್ಪತ್ತರ ದಶಕಗಳಲ್ಲಿ ಬೆಕೆಟ್, ಅಯನೆಸ್ಕೊ ಅವರ ಅಬ್ಸರ್ಡ್ ನಾಟಕಗಳು ನಮ್ಮವರನ್ನು ಹಿಡಿದಾಗ ಅವಕ್ಕೆ ‘ಅಸಂಗತ ನಾಟಕ’ ಎಂದು ಹೆಸರಾಯಿತು. ಅಂದಿನಿಂದ ಅಸಂಗತ ಎಂದೊಡನೆ ಸಾಹಿತ್ಯ ಓದಿದವರಿಗೆ ಅರ್ಥಹೀನ ಬದುಕು, ಬಾರದವನಿಗಾಗಿ ಕಾಯುವ ಇಬ್ಬರು ಅಲೆಮಾರಿಗಳು ನೆನಪಾಗುತ್ತಾರೆ. ಒಂದು ಪದ ಎರಡು ಕಡೆ ಕೆಲಸಕ್ಕೆ ಸೇರಿದರೆ ಹೀಗೇ.

ನನ್ನ ಅನುಭವ ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ನಾನು ಹೊಸಬನಾಗಿದ್ದ ಕಾಲ. ರಾಜ್ಯದಲ್ಲಿ ಸಮ್ಮಿಶ್ರ ಸರ್ಕಾರ. ರಾತ್ರಿ ಹತ್ತೂವರೆಗೆ ಏಜೆನ್ಸಿಯ ಸುದ್ದಿ ಬಂತು: ಸರ್ಕಾರದ ಈಗಿನ ನಿಲುವು ಹಿಂದೆ ಸಲ್ಲಿಸಿದ ಪ್ರಮಾಣಪತ್ರಕ್ಕೆ ಇನ್‌ಕನ್ಸಿಸ್ಟೆಂಟ್ ಎಂದು ನ್ಯಾಯಾಲಯ ಹೇಳಿದೆ. ನಾನು ನಿಘಂಟು ತೆರೆದು, ಮೊದಲು ಕಣ್ಣಿಗೆ ಬಿದ್ದ ಪದ ಎತ್ತಿಕೊಂಡು, ‘ಸರ್ಕಾರದ ನಿಲುವು ಅಸ್ಥಿರ: ನ್ಯಾಯಾಲಯ’ ಎಂದು ತಲೆಬರಹ ಕೊಟ್ಟೆ. ಅಲ್ಲಿಗೇ ಅರ್ಧ ತಪ್ಪು. ನಿಲುವು ಅಲುಗಾಡುತ್ತಿದೆ ಎಂದು ಕೋರ್ಟು ಹೇಳಿರಲಿಲ್ಲ, ಎರಡು ಕಾಗದ ತಾಳೆಯಾಗುತ್ತಿಲ್ಲ ಎಂದಷ್ಟೇ ಹೇಳಿತ್ತು. ಉಳಿದರ್ಧವನ್ನು ಪುಟ ಕಟ್ಟುವವರು ಪೂರ್ತಿ ಮಾಡಿದರು. ಒಂದು ಕಾಲಂನಲ್ಲಿ ತಲೆಬರಹ ಹಿಡಿಸಲಿಲ್ಲ ಎಂದು ನಡುವಿನ ಪದ ತೆಗೆದರು. ಬೆಳಿಗ್ಗೆ ಓದುಗರ ಕೈಗೆ ಹೋದದ್ದು ‘ಸರ್ಕಾರ ಅಸ್ಥಿರ: ಕೋರ್ಟ್’. ಎಂಟು ಗಂಟೆಯಿಂದ ಫೋನು ಇಳಿಸಲು ಆಗಲಿಲ್ಲ. ಮಾರನೇ ದಿನ ಒಳಪುಟದಲ್ಲಿ ತಿದ್ದುಪಡಿ ಬಂತು. ಆ ತಿದ್ದುಪಡಿ ಬರೆದವನೂ ನಾನೇ.

ಕಾನೂನಿನವರು ಈ ಪದವನ್ನು ನಮಗಿಂತ ಎಚ್ಚರದಿಂದ ಬಳಸುತ್ತಾರೆ. ನಮ್ಮ ಸಂವಿಧಾನದ 13ನೇ ಅನುಚ್ಛೇದ ನೋಡಿ. ಸಂವಿಧಾನ ಜಾರಿಗೆ ಬರುವ ಮುಂಚಿನಿಂದ ಇದ್ದ ಕಾನೂನುಗಳಲ್ಲಿ ಮೂಲಭೂತ ಹಕ್ಕುಗಳಿಗೆ ಹೊಂದದ ಅಂಶವಿದ್ದರೆ, ಎಷ್ಟರಮಟ್ಟಿಗೆ ಹೊಂದುವುದಿಲ್ಲವೋ ಅಷ್ಟರಮಟ್ಟಿಗೆ ಅವು ಅಸಿಂಧು ಎನ್ನುತ್ತದೆ. ಇಡೀ ಕಾನೂನನ್ನು ಕಿತ್ತು ಎಸೆಯುವುದಿಲ್ಲ, ಹುಳುಕು ಹಿಡಿದಷ್ಟು ಭಾಗ ಕೊಯ್ದು ಉಳಿದ ಬದನೆಕಾಯಿಯನ್ನು ಹುಳಿಗೆ ಹಾಕಿದ ಹಾಗೆ. ಸಂಸತ್ತಿನ ಕಾನೂನಿಗೂ ರಾಜ್ಯದ ಕಾನೂನಿಗೂ ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದಕ್ಕೆ 254ನೇ ಅನುಚ್ಛೇದವಿದೆ. ಎರಡೂ ಕಡೆ ಗಮನಿಸಬೇಕಾದದ್ದು, ಯಾವುದರ ಜೊತೆ ಎಂಬುದನ್ನು ಹೇಳದೆ ಪದವನ್ನು ಒಂಟಿಯಾಗಿ ಬಿಟ್ಟಿಲ್ಲ. ಮೇಷ್ಟ್ರುಗಳಿಗೂ ಮ್ಯಾನೇಜರುಗಳಿಗೂ ಈ ಶಿಸ್ತು ಬಂದರೆ ಅರ್ಧ ಜಗಳ ತಪ್ಪುತ್ತದೆ.

ಸಾಕ್ಷಿಗಳ ವಿಚಾರದಲ್ಲಿ ನ್ಯಾಯಾಲಯಗಳು ತೋರಿಸುವ ಉದಾರತೆ ನನಗೆ ಇನ್ನೂ ಇಷ್ಟ. 1983ರಲ್ಲಿ ಗುಜರಾತಿನ ಭರ್ವಾಡ ಭೋಗಿನ್‌ಭಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಯ ನೆನಪಿನ ಬಗ್ಗೆ ಒಳ್ಳೆಯ ವಿವೇಕದ ಮಾತು ಹೇಳಿತು. ಮನುಷ್ಯನ ತಲೆ ವಿಡಿಯೊ ಟೇಪ್ ಅಲ್ಲ; ಗಂಟೆ ಎಷ್ಟಾಗಿತ್ತು, ಯಾರು ಮೊದಲು ಮಾತಾಡಿದರು ಎಂಬಂಥ ವಿವರಗಳಲ್ಲಿ ಚೂರುಪಾರು ವ್ಯತ್ಯಾಸ ಬಂದರೆ, ಪ್ರಕರಣದ ಬುಡಕ್ಕೇ ಹೋಗದ ಹೊರತು ಅದಕ್ಕೆ ಹೆಚ್ಚು ತೂಕ ಕೊಡಬಾರದು ಎಂಬುದು ಅದರ ಸಾರ. ನಿಜಕ್ಕೂ ನೋಡಿದವರು ಇಬ್ಬರಿದ್ದರೆ ಇಬ್ಬರೂ ಅಕ್ಷರ ತಪ್ಪದೆ ಒಂದೇ ಕತೆ ಹೇಳುವುದಿಲ್ಲ. ಹೇಳಿದರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದೇ ಅನುಮಾನ. ನಮ್ಮ ಮನೆಯಲ್ಲಿ ನನ್ನ ಮದುವೆಯ ದಿನ ಮಳೆ ಬಂತೋ ಇಲ್ಲವೋ ಎಂಬ ಬಗ್ಗೆ ನನಗೂ ನನ್ನ ಹೆಂಡತಿಗೂ ಇವತ್ತಿನವರೆಗೆ ತಾಳೆಯಾಗಿಲ್ಲ. ಮದುವೆ ಆದದ್ದಂತೂ ನಿಜ.

ಇದೇ ನ್ಯಾಯಾಲಯಗಳಿಂದ ಕಲಿಯಬೇಕಾದ ಇನ್ನೊಂದು ಸೂಕ್ಷ್ಮವಿದೆ. ‘ಕನ್ಸಿಸ್ಟೆಂಟ್ ವಿತ್’ ಎಂದರೆ ಸಾಬೀತಾಯಿತು ಎಂದಲ್ಲ. ವಿರೋಧ ಕಾಣಲಿಲ್ಲ ಎಂದಷ್ಟೇ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳ ಒದ್ದೆಯಾಗಿದೆ. ರಾತ್ರಿ ಮಳೆ ಬಂದಿದೆ ಎಂಬುದಕ್ಕೆ ಅದು ತಾಳೆಯಾಗುತ್ತದೆ. ಪಕ್ಕದ ಮನೆಯವರು ಸಾರಿಸಿ ರಂಗೋಲಿ ಹಾಕಲು ನೀರು ಚೆಲ್ಲಿದ್ದಾರೆ ಎಂಬುದಕ್ಕೂ ತಾಳೆಯಾಗುತ್ತದೆ. ಆದರೆ ಅಂಗಳ ಪೂರ್ತಿ ಒಣಗಿದ್ದರೆ ರಾತ್ರಿಯಿಡೀ ಜಡಿಮಳೆ ಎಂಬ ಮಾತು ನಿಲ್ಲುವುದಿಲ್ಲ. ಅಂದರೆ ಇನ್‌ಕನ್ಸಿಸ್ಟೆಂಟ್ ಎಂಬುದಕ್ಕೆ ಇರುವ ಬಲ ಕನ್ಸಿಸ್ಟೆಂಟ್ ಎಂಬುದಕ್ಕೆ ಇಲ್ಲ. ಒಂದು ತಾಳೆಯಾಗದಿದ್ದರೆ ಕತೆ ಬಿದ್ದುಹೋಗುತ್ತದೆ, ಹತ್ತು ತಾಳೆಯಾದರೂ ಕತೆ ನಿಜವೆಂದಾಗುವುದಿಲ್ಲ. 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ಕಟ್ಟಳೆ ಹಾಕಿತು. ಅವುಗಳಲ್ಲೊಂದು ಇದೇ ಮಾತು: ಸಿಕ್ಕ ಸಂಗತಿಗಳು ಆರೋಪಿ ತಪ್ಪಿತಸ್ಥ ಎಂಬುದಕ್ಕೆ ಹೊಂದಿದರೆ ಸಾಲದು, ಅದೊಂದಕ್ಕೆ ಮಾತ್ರ ಹೊಂದಬೇಕು. ಆ ‘ಮಾತ್ರ’ದಲ್ಲಿ ಒಬ್ಬ ಮನುಷ್ಯನ ಪ್ರಾಣವೇ ತೂಗುತ್ತಿರುತ್ತದೆ.

ಇದು ಕೋರ್ಟಿಗಷ್ಟೇ ಸೇರಿದ ಸೂಕ್ಷ್ಮವೂ ಅಲ್ಲ. ಕಳೆದ ವರ್ಷ ಮೊಣಕಾಲಿನ ಎಕ್ಸ್‌ರೇ ತೆಗೆಸಿದ್ದೆ. ವರದಿಯ ಕೊನೆಯಲ್ಲಿ, ಕಂಡ ಬದಲಾವಣೆಗಳು ವಯಸ್ಸಿಗೆ ‘ಕನ್ಸಿಸ್ಟೆಂಟ್’ ಎಂದಿತ್ತು. ಮಗಳು ಹೆದರಿ ಫೋನಿನಲ್ಲಿ ಹುಡುಕಲು ಕೂತಳು. ನಾನು ನಕ್ಕೆ. ನಿಮ್ಮ ಮಂಡಿಗೂ ನಿಮ್ಮ ಪ್ಯಾನ್ ಕಾರ್ಡಿನಲ್ಲಿರುವ ಹುಟ್ಟಿದ ತಾರೀಕಿಗೂ ತಾಳೆಯಾಗುತ್ತಿದೆ ಎಂದು ಇದಕ್ಕಿಂತ ಮರ್ಯಾದೆಯಾಗಿ ಹೇಳುವುದು ಕಷ್ಟ.

ಗಣಿತದವರ ಬಳಕೆಯನ್ನು ಒಂದು ಅಂಗಡಿಯ ಲೆಕ್ಕದಲ್ಲಿ ಮುಗಿಸುತ್ತೇನೆ. ಒಂದು ಪೆನ್ನು, ಒಂದು ಪೆನ್ಸಿಲು ಸೇರಿ ಹದಿನೈದು ರೂಪಾಯಿ ಎನ್ನುತ್ತಾನೆ ಅಂಗಡಿಯವನು. ಎರಡು ಪೆನ್ನು, ಎರಡು ಪೆನ್ಸಿಲು ಸೇರಿ ನಲವತ್ತು ಎನ್ನುತ್ತಾನೆ. ಬಿಡಿಯಾಗಿ ಎರಡು ಮಾತೂ ನಂಬುವಂಥವೇ. ಆದರೆ ಎರಡನ್ನೂ ಒಟ್ಟಿಗೆ ಇಟ್ಟರೆ ಪೆನ್ನಿಗೆ ಯಾವ ಬೆಲೆ ಕೊಟ್ಟರೂ ಲೆಕ್ಕ ಕೂಡುವುದಿಲ್ಲ. ನಕ್ಷೆಯಲ್ಲಿ ಎಳೆದರೆ ಎರಡು ಸಮಾಂತರ ಗೆರೆಗಳು, ಎಲ್ಲಿಯೂ ಸೇರುವುದಿಲ್ಲ. ಗಣಿತದ ಮೇಷ್ಟ್ರು ಈ ಜೋಡಿಯನ್ನು ಇನ್‌ಕನ್ಸಿಸ್ಟೆಂಟ್ ಎನ್ನುತ್ತಾರೆ. ಪೆನ್ನಿನ ಮೇಲೂ ತಪ್ಪು ಹೊರಿಸುವುದಿಲ್ಲ, ಪೆನ್ಸಿಲಿನ ಮೇಲೂ ಹೊರಿಸುವುದಿಲ್ಲ. ಜೋಡಿ ಕೂಡುತ್ತಿಲ್ಲ, ಅಷ್ಟೆ.

ಕ್ರಿಕೆಟ್ಟಿಗೆ ಬಂದರೆ ಎರಡನೇ ಅರ್ಥದ ರಾಜ್ಯ. ವೀಕ್ಷಕ ವಿವರಣೆಯಲ್ಲಿ ಇನ್‌ಕನ್ಸಿಸ್ಟೆಂಟ್ ಎಂಬುದು ಬೈಗುಳವೇ ಆಗಿಹೋಗಿದೆ. ವೀರೇಂದ್ರ ಸೆಹ್ವಾಗ್ 2008ರಲ್ಲಿ ಚೆನ್ನೈನಲ್ಲಿ ದಕ್ಷಿಣ ಆಫ್ರಿಕಾ ಎದುರು 319 ಹೊಡೆದರು. 2011ರಲ್ಲಿ ಎಜ್‌ಬಾಸ್ಟನ್ನಿನಲ್ಲಿ ಎರಡೂ ಇನಿಂಗ್ಸಿನಲ್ಲಿ ಮೊದಲ ಎಸೆತಕ್ಕೇ ಸೊನ್ನೆ. ಅದೇ ಪ್ರವಾಸದಲ್ಲಿ ತಂಡ ನಾಲ್ಕಕ್ಕೆ ನಾಲ್ಕು ಟೆಸ್ಟ್ ಸೋತಾಗ ನಮ್ಮ ರಾಹುಲ್ ದ್ರಾವಿಡ್ ಒಬ್ಬರೇ ಮೂರು ಶತಕ ಹೊಡೆದು ನಿಂತಿದ್ದರು. ದ್ರಾವಿಡರನ್ನು ಗೋಡೆ ಎಂದದ್ದು ಸುಮ್ಮನೆ ಅಲ್ಲ. ಲ್ಯಾಟಿನ್ನಿನ ಆ ಸಿಸ್ಟೆರೆ, ಗಟ್ಟಿಯಾಗಿ ನಿಲ್ಲುವುದು, ಅದೇ. ಆದರೆ ಇಬ್ಬರ ಟೆಸ್ಟ್ ಸರಾಸರಿ ಪಕ್ಕಪಕ್ಕ ಇಟ್ಟರೆ ದ್ರಾವಿಡರದ್ದು 52.31, ಸೆಹ್ವಾಗ್ ಅವರದ್ದು 49.34. ಮೂರು ರನ್ನಿನ ವ್ಯತ್ಯಾಸ. ಸರಾಸರಿ ಎಷ್ಟು ಎಂಬುದನ್ನು ಇನ್‌ಕನ್ಸಿಸ್ಟೆಂಟ್ ಹೇಳುವುದೇ ಇಲ್ಲ, ಏರಿಳಿತ ಎಷ್ಟು ಎಂಬುದನ್ನು ಮಾತ್ರ ಹೇಳುತ್ತದೆ. ಹಿಟ್ಟಿನಕ್ಕನ ಮಗನ ಕಾರ್ಡಿನಲ್ಲೂ ಅಷ್ಟೇ. ನಾಲ್ಕೂ ಪರೀಕ್ಷೆಯಲ್ಲಿ 8, 8, 9, 8 ತೆಗೆದ ಪಕ್ಕದ ಬೆಂಚಿನ ಹುಡುಗ ಬಹಳ ಕನ್ಸಿಸ್ಟೆಂಟ್. ಮೇಷ್ಟ್ರು ಅವನ ಕಾರ್ಡಿನಲ್ಲಿ ಹಾಗೆ ಬರೆದಿರಲಾರರು.

ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಕನ್ಸಿಸ್ಟೆಂಟ್ ಎಂಬುದು ಹೊಗಳಿಕೆ ಎಂದೇ ನಾವು ನಂಬಿಬಿಟ್ಟಿದ್ದೇವೆ. ನಮ್ಮ ಅಜ್ಜಿಯ ಮನೆಯ ಗೋಡೆ ಗಡಿಯಾರ ಸದಾ ಹದಿನೈದು ನಿಮಿಷ ಮುಂದೆ. ಮನೆಯವರೆಲ್ಲ ಮನಸ್ಸಿನಲ್ಲೇ ಕಳೆದು ಬಸ್ಸಿಗೆ ಹೊರಡುತ್ತಿದ್ದರು, ಯಾರಿಗೂ ಬಸ್ಸು ತಪ್ಪಲಿಲ್ಲ. ಒಮ್ಮೆ ಚಿಕ್ಕಪ್ಪ ಅದನ್ನು ರಿಪೇರಿ ಮಾಡಿಸಿ ತಂದರು. ಆಮೇಲೆ ಅದು ಒಂದು ದಿನ ಸರಿ, ಒಂದು ದಿನ ಹತ್ತು ನಿಮಿಷ ಹಿಂದೆ. ಆಗ ಶುರುವಾಯಿತು ಬಸ್ಸು ತಪ್ಪುವುದು. ತಪ್ಪು ಕೂಡ ಒಂದೇ ಸಮನಿದ್ದರೆ ಅದರ ಜೊತೆ ಬಾಳಬಹುದು.

ಇನ್ನು, ಒಂದು ಪದವನ್ನು ಇನ್ನೊಂದರ ಜಾಗದಲ್ಲಿ ಕೂರಿಸುವ ಚಟ. ‘ಕಾನ್‌ಸ್ಟಂಟ್’ ಬೇರೆ, ನಿಲ್ಲದೆ ಇರುವುದು, ಬದಲಾಗದೆ ಇರುವುದು. ಫ್ಯಾನಿನ ಗರಗರ ಸದ್ದು ಕಾನ್‌ಸ್ಟಂಟ್, ದಿನಾ ಬೆಳಿಗ್ಗೆ ಆರಕ್ಕೆ ಹಾಲಿನವನು ಬರುವುದು ಕನ್ಸಿಸ್ಟೆಂಟ್. ‘ಅನ್‌ಕನ್ಸಿಸ್ಟೆಂಟ್’ ಎಂದು ಕೆಲವರು ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ರಜೆಯ ಅರ್ಜಿಯಲ್ಲಿ ಇನ್‌ಕನ್ಸಿಸ್ಟೆಂಟ್ ಎಂದು ಬರೆಯಲು ಹೋಗಿ ‘ಇನ್‌ಕಾಂಟಿನೆಂಟ್’ ಎಂದು ಬರೆದಿದ್ದರು. ಮೂತ್ರ ಹಿಡಿದುಕೊಳ್ಳಲಾಗದ ಕಾಯಿಲೆಗೆ ಹೇಳುವ ಪದ ಅದು. ಮೇಲಧಿಕಾರಿ ಮರುಮಾತಾಡದೆ ಒಂದು ವಾರ ರಜೆ ಕೊಟ್ಟರು.

ಹಿಪೊಕ್ರಸಿಯ ಜೊತೆಗಿನ ಗೊಂದಲ ಮಾತ್ರ ತಮಾಷೆಯದಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಾವು ಆಡಿಕೊಳ್ಳುತ್ತೇವಲ್ಲ, ಅದರಲ್ಲಿ ಗೊತ್ತಿದ್ದೂ ಮಾಡುವ ಮೋಸವಿದೆ. ಇನ್‌ಕನ್ಸಿಸ್ಟೆಂಟ್ ಎಂಬುದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಟೀವಿ ಚರ್ಚೆಗಳಲ್ಲಿ ಹತ್ತು ವರ್ಷ ಹಿಂದಿನ ವಿಡಿಯೊ ತುಣುಕು ಹಾಕಿ, ನೋಡಿ ಅವತ್ತು ಹೀಗೆಂದಿದ್ದರು ಎಂದು ಕೂಗುವವರು ಈ ಎರಡನ್ನೂ ಬೇಕೆಂದೇ ಕಲಸುತ್ತಾರೆ. ಅವತ್ತಿಗೂ ಇವತ್ತಿಗೂ ನಡುವೆ ಆ ಮನುಷ್ಯ ಏನಾದರೂ ಕಲಿತಿರಬಹುದು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಗಾಂಧಿಯವರ ಮೇಲೆ ಈ ಆರೋಪ ಎಷ್ಟು ಸಲ ಬಂತೆಂದರೆ 1933ರ ಏಪ್ರಿಲ್ 29ರ ‘ಹರಿಜನ’ ಪತ್ರಿಕೆಯಲ್ಲಿ ಅವರು ಓದುಗರಿಗೆ ನೇರವಾಗಿ ಉತ್ತರ ಕೊಟ್ಟರು. ಒಂದೇ ಥರ ಕಾಣಿಸಿಕೊಳ್ಳಬೇಕೆಂಬ ಹಂಬಲ ತಮಗಿಲ್ಲವೆಂದೂ, ಒಂದೇ ವಿಷಯದ ಮೇಲೆ ತಮ್ಮ ಎರಡು ಬರಹಗಳು ತಾಳೆಯಾಗದಿದ್ದರೆ ಈಚಿನದನ್ನು ಹಿಡಿಯಬೇಕೆಂದೂ ತಿಳಿಸಿದರು. ಸುಮ್ಮನೆ ಜಾರಿಕೊಳ್ಳುವ ಉತ್ತರವಲ್ಲ ಇದು. ಯಾವುದರ ಜೊತೆ ಯಾವುದನ್ನು ಇಟ್ಟು ನೋಡಬೇಕು ಎಂಬ ನಿಯಮವನ್ನೇ ಕೊಟ್ಟಿದ್ದಾರೆ. ಜೀವನವಿಡೀ ಒಂದೇ ಅಭಿಪ್ರಾಯ ಇಟ್ಟುಕೊಂಡವರನ್ನು ನಾನೂ ಬಲ್ಲೆ. ಅವರಲ್ಲಿ ಕೆಲವರು ದೃಢ ಮನಸ್ಸಿನವರು. ಉಳಿದವರು ಬಹಳ ದಿನದಿಂದ ಏನನ್ನೂ ಓದಿಲ್ಲದವರು.

ಮತ್ತೆ ಹಿಟ್ಟಿನ ಅಂಗಡಿಗೆ. ಆ ಸಂಜೆ ನಾನು ಹಿಟ್ಟಿನಕ್ಕನಿಗೆ ಕೊನೆಗೆ ಹೇಳಿದ್ದು ಇಷ್ಟು: ಮೇಷ್ಟ್ರು ಬರೆದದ್ದು ಬೈಗುಳ ಅಲ್ಲ. ಒಂದು ಸಲ ಚೆನ್ನಾಗಿ ಮಾಡ್ತಾನೆ, ಒಂದು ಸಲ ಇಲ್ಲ, ಒಂದೇ ಸಮನಿಲ್ಲ ಅಂತ ಅದರರ್ಥ. ಯಾಕೆ ಅಂತ ಬರೆದಿಲ್ಲ. ಅವರು ಕಾರ್ಡನ್ನು ತಿರುಗಿಸಿ ನೋಡಿದರು. ‘ಯಾಕೆ ಅಂತ ಬರೆದಿಲ್ಲ ಅಂದ್ರೆ ನಾವೇ ನೋಡ್ಕೋಬೇಕು’ ಎಂದು ಮಗನನ್ನು ಕೂಗಿ ನಾಲ್ಕೂ ಉತ್ತರ ಪತ್ರಿಕೆ ತರಿಸಿದರು. ಅಂಕದ ಕಡೆ ಕಣ್ಣೆತ್ತಲೂ ಇಲ್ಲ. ಮೂಲೆಯಲ್ಲಿದ್ದ ತಾರೀಕು ನೋಡಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಹುಡುಕಿದರು. ಉದ್ದು ನೆನೆಹಾಕಿದ ದಿನ, ಹಿಟ್ಟು ಕೆಟ್ಟ ದಿನ, ಹಾಸ್ಟೆಲಿನವರು ಬಾಕಿ ಕೊಟ್ಟ ದಿನ ಎಲ್ಲ ಆ ಕ್ಯಾಲೆಂಡರಿನಲ್ಲೇ ಗುರುತಾಗಿದ್ದವು. 23 ಬಂದದ್ದು ಗುರುವಾರ. 22 ಶುಕ್ರವಾರ. 9 ಸೋಮವಾರ, 8 ಕೂಡ ಸೋಮವಾರ.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಭಾನುವಾರ ಸಂಜೆ ಹಾಸ್ಟೆಲುಗಳಿಗೂ ಎರಡು ಬೀದಿಯಾಚೆಯ ಮನೆಗಳಿಗೂ ಹಿಟ್ಟಿನ ಪ್ಯಾಕೆಟ್ಟು ತಲುಪಿಸಿ ಬರುವವನು ಆ ಹುಡುಗನೇ. ಸೈಕಲ್ ನಿಲ್ಲಿಸುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತದೆ. ಅವರು ಕಾರ್ಡನ್ನು ಮಡಿಸಿ ಮಸಾಲೆ ಡಬ್ಬಿಯ ಹಿಂದೆ ಇಟ್ಟು, ನನ್ನ ಡಬ್ಬಿಗೆ ಹಿಟ್ಟು ಹಾಕಿ, ಮೇಲೊಂದು ಸೌಟು ಹೆಚ್ಚಿಗೆ ಹಾಕಿದರು.

ಸಂಕ್ರಾಂತಿ ಕಳೆದ ಮೇಲೆ ಅಂಗಡಿಯ ಮುಂದೆ ರಟ್ಟಿನ ಬೋರ್ಡೊಂದು ನೇತಾಡುತ್ತಿದೆ. ಹುಡುಗನದೇ ಅಕ್ಷರ, ದುಂಡಗೆ ಬರೆದಿದ್ದಾನೆ: ‘ಭಾನುವಾರ ಮನೆಗೆ ತಲುಪಿಸುವುದಿಲ್ಲ. ಪಾತ್ರೆ ನೀವೇ ತನ್ನಿ.’ ಈಗ ಭಾನುವಾರ ಸಂಜೆಯಾದರೆ ಹಾಸ್ಟೆಲಿನ ಅಡುಗೆಯವರೂ ನಾವೂ ಒಂದೇ ಸಾಲಿನಲ್ಲಿ ಡಬ್ಬಿ ಹಿಡಿದು ನಿಲ್ಲುತ್ತೇವೆ.